ಬೆತ್ತದ ಕುರ್ಚಿಯೂ ಐದು ಹೆಸರಿನ ಚೀಟಿಯೂ

ಮೊನ್ನೆ ಬೆತ್ತ ಹೆಣೆಯುವವನು ಬಂದಿದ್ದ. ಮೂಡಿಗೆರೆ ಕಡೆಯವನು. ಬೆತ್ತದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಳಿದು ಮನೆಮನೆ ಕೇಳುತ್ತಾ ಬರುತ್ತಾನೆ. ನಮ್ಮ ಜಗಲಿಯಲ್ಲಿ ಮಾವನ ಕುರ್ಚಿ ಇದೆ. ಉದ್ದ ಕೈಗಳ, ಕಾಲು ಚಾಚಿ ಒರಗುವ ಹಳೇ ಕಾಲದ ಕುರ್ಚಿ. ಯಾವುದೋ ಎಸ್ಟೇಟ್ ಬಂಗಲೆಯ ಸಾಮಾನು ಹರಾಜಾದಾಗ ಮಾವ ಹೊತ್ತು ತಂದದ್ದು. ಈಗ ನಡುವಿನ ಬೆತ್ತ ಹರಿದು, ನಮ್ಮ ಬೆಕ್ಕು ಮೇಲಿನಿಂದ ಇಳಿದು ಕೆಳಗಿನಿಂದ ಹೊರಗೆ ಹೋಗುವಷ್ಟು ತೂತಾಗಿದೆ.

"ಯಾರು ಕೂರೋ ಕುರ್ಚಿ ಅಮ್ಮ ಇದು?" ಎಂದು ಕೇಳಿದ.

"ಯಾಕಪ್ಪ?"

"ಕೂರೋರ ತೂಕ ಹೇಳಿದ್ರೆ ಆ ಲೆಕ್ಕಕ್ಕೆ ಬಿಗಿ ಮಾಡ್ತೀನಿ. ಸಣ್ಣಗಿರೋರಿಗೆ ಬಿಗಿ ಜಾಸ್ತಿಯಾದ್ರೆ ಹಲಗೆ ಮೇಲೆ ಕೂತಂಗಾಗುತ್ತೆ. ದಪ್ಪಗಿರೋರಿಗೆ ಸಡಿಲ ಆದ್ರೆ ಎಬ್ಬಿಸೋಕೆ ಇಬ್ರು ಬೇಕು."

"ಕಾಫಿ ತರ್ತೀನಿ, ಆಮೇಲೆ ಹೇಳ್ತೀನಿ" ಎಂದು ಒಳಗೆ ಬಂದು ಹಾಲಿಟ್ಟೆ. ಹಾಲು ಕಾಯುವಷ್ಟು ಹೊತ್ತಿನಲ್ಲಿ ನೆನಪಾದದ್ದನ್ನು ನಿಮಗೆ ಹೇಳುತ್ತಿದ್ದೇನೆ. ಉಕ್ಕಿದರೆ ಹೊಣೆ ನೀವೇ.

ಈ ಕುರ್ಚಿಯ ವಿಚಾರ ಹೇಳಬೇಕಾದರೆ ಫುಟ್‌ಬಾಲಿನ ವಿಚಾರ ಹೇಳಬೇಕು. ನಮ್ಮ ಮಲ್ಲಂದೂರು ಕಡೆ ಕಾಫಿ ಕೊಯ್ಲು ಮುಗಿದು ಯುಗಾದಿ ಕಳೆದ ಮೇಲೆ ನಾಲ್ಕು ಭಾನುವಾರ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಸುತ್ತಲಿನ ಎಸ್ಟೇಟುಗಳ ತಂಡಗಳು, ಜೀಪಿನಲ್ಲಿ ತುಂಬಿಕೊಂಡು ಬರುವ ಕಳಸದವರು, ಸಂಸೆಯವರು. ಕುದುರೆಮುಖದ ಟೌನ್‌ಶಿಪ್ಪಿನವರೂ ಬರುತ್ತಿದ್ದರು. ಎಲ್ಲರ ಕಾಲಿಗೂ ಬೂಟು ಇದ್ದದ್ದು ಅವರಲ್ಲಿ ಮಾತ್ರ. ಗೆದ್ದವರಿಗೆ ಬಾಳೆಗೊನೆ. ಸೋತವರಿಗೂ ಒಂದು ಚಿಕ್ಕ ಗೊನೆ, ಏಕೆಂದರೆ ಅವರೂ ಮನೆಗೆ ಹೋಗಬೇಕಲ್ಲ.

ನಮ್ಮ ಮಾವ ಹರೆಯದಲ್ಲಿ ಒಂದು ಎಸ್ಟೇಟಿನ ತಂಡಕ್ಕೆ ಗೋಲ್‌ಕೀಪರ್ ಆಗಿದ್ದವರು. ಎಡಗೈ ಕಿರುಬೆರಳು ಸೊಟ್ಟಗಾಗಿತ್ತು. ಅದನ್ನು ಎತ್ತಿ ತೋರಿಸದೆ ಅವರು ಫುಟ್‌ಬಾಲಿನ ಮಾತು ಶುರು ಮಾಡುತ್ತಿರಲಿಲ್ಲ. ಆಡುವುದು ನಿಂತ ಮೇಲೆ ಅವರೂ ಊರಿನ ಪೋಸ್ಟ್ ಮಾಸ್ಟರರೂ ಸೇರಿ ಕಾಗದದ ಮೇಲೆ ಆಡುವ ಒಂದು ಆಟ ಹುಟ್ಟಿಸಿಕೊಂಡಿದ್ದರು. ಯುಗಾದಿಯ ದಿನ ಒಬ್ಬೊಬ್ಬರೂ ಯಾವ ತಂಡದಿಂದ ಬೇಕಾದರೂ ಐದು ಆಟಗಾರರನ್ನು ಆರಿಸಿ, ಚೀಟಿ ಬರೆದು, ಮಡಚಿ, ದಾರ ಕಟ್ಟಿ, ಒಂದು ತಗಡಿನ ಡಬ್ಬಕ್ಕೆ ಹಾಕಬೇಕು. ಡಬ್ಬ ದೇವರ ಗೂಡಿನಲ್ಲಿ. ಆ ಐವರಲ್ಲಿ ಯಾರಾದರೂ ಗೋಲು ಹೊಡೆದರೆ ಐದು ಅಂಕ, ಗೋಲಿಗೆ ಚೆಂಡು ಕೊಟ್ಟವನಿಗೆ ಮೂರು, ಕೀಪರ್ ಒಂದೂ ಗೋಲು ಬಿಡದಿದ್ದರೆ ನಾಲ್ಕು, ಜಗಳ ಮಾಡಿ ಹೊರಗೆ ಬಿದ್ದರೆ ಎರಡು ಕಟ್. ಕೊನೆಯ ಭಾನುವಾರ ಡಬ್ಬ ತೆಗೆದು ಕೂಡಿಸುವುದು. ಈಗ ನನ್ನ ತಂಗಿಯ ಮಗ ಕಂಪ್ಯೂಟರಿನಲ್ಲಿ ಪರದೇಶದ ಆಟಗಾರರನ್ನು ಇಟ್ಟುಕೊಂಡು ಹೀಗೇ ಆಡುತ್ತಾನಂತೆ. ಏನೋ ದೊಡ್ಡ ಹೆಸರು ಹೇಳಿದ. ನಮ್ಮ ಮನೆಯ ದೇವರ ಗೂಡಿನಲ್ಲಿ ಅದು ಯಾವಾಗಲೋ ಇತ್ತು ಅಂದೆ. ನಂಬಲಿಲ್ಲ.

ನಾನು ಸಂಸೆಯಿಂದ ಮದುವೆಯಾಗಿ ಬಂದದ್ದು ತೊಂಬತ್ತಮೂರರಲ್ಲಿ. ಹತ್ತನೇ ಕ್ಲಾಸು ಪಾಸಾಗಿದ್ದೆ, ಅಷ್ಟೇ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿದ್ದದ್ದು ನನ್ನ ಗಂಡ, ಮಾವ, ನಾನು. ನನ್ನ ಗಂಡನಿಗೆ ಚೆಂಡು ದುಂಡಗಿದೆ ಅನ್ನುವುದಕ್ಕಿಂತ ಹೆಚ್ಚೇನೂ ಗೊತ್ತಿಲ್ಲ. ಆ ವರ್ಷವೇ ಪೋಸ್ಟ್ ಮಾಸ್ಟರರಿಗೆ ವರ್ಗವಾಯಿತು. ಯುಗಾದಿಯ ಬೆಳಿಗ್ಗೆ ಬೇವುಬೆಲ್ಲ ತಿಂದು ಮಾವ ಕುರ್ಚಿಯಲ್ಲಿ ಒರಗಿ, ಎದುರಾಳಿಯೇ ಇಲ್ಲದೆ, ತಮ್ಮಷ್ಟಕ್ಕೆ ಹೆಸರು ಹೇಳಿಕೊಳ್ಳುತ್ತಿದ್ದರು. "ಮೊದಲನೇದು ಚಂದ್ರ. ಹೋದ ವರ್ಷ ಎಷ್ಟು ಗೋಲು ಹೊಡೆದ!"

ನಾನು ಒಳಗಿನಿಂದ ಬಾಯಿ ತಡೆಯಲಾರದೆ ಹೇಳಿಬಿಟ್ಟೆ. "ಚಂದ್ರ ಬೇಡ ಮಾವ."

"ಯಾರದು ಮಾತಾಡಿದ್ದು?"

"ನಾನೇ. ಚಂದ್ರಂಗೆ ಚೆಂಡು ಕೊಡ್ತಿದ್ದ ಸುಂದರ ಈಗ ಇಲ್ಲಿಲ್ಲ. ನಮ್ಮ ಸಂಸೆ ಹುಡುಗೀನ ಮದುವೆಯಾಗಿ ಅಲ್ಲೇ ತೋಟಕ್ಕೆ ಸೇರ್ಕೊಂಡ. ಅಡಿಗೆಯವನೇ ಹೋದ್ಮೇಲೆ ಬಡಿಸೋನು ಏನನ್ನ ಬಡಿಸ್ತಾನೆ?"

ಮಾವ ಬಗ್ಗಿ ಅಡಿಗೆಮನೆಯ ಕಡೆ ನೋಡಿದರು. "ಫುಟ್‌ಬಾಲ್ ಕಾಲಲ್ಲಿ ಆಡೋದು ಮಗಾ, ಮದುವೆ ಕಾಗದದಲ್ಲಲ್ಲ."

"ಹಾಗಾದ್ರೆ ನಾನೂ ಒಂದು ಚೀಟಿ ಬರೀಲಾ?"

ಹೀಗೆ ಶುರುವಾಯಿತು. ನಾನು ಸುಂದರನನ್ನು ಆರಿಸಿದೆ, ಮಾವ ಚಂದ್ರನನ್ನು. ಚಂದ್ರ ನಾಲ್ಕು ಭಾನುವಾರವೂ ಗೋಲಿನ ಎದುರು ಕೈ ಚಾಚಿಕೊಂಡು, ಬಾರದ ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದನಂತೆ. ನಾನು ಗೆದ್ದೆ.

ನೀವು ಕೇಳಬಹುದು, ಆಟ ನೋಡಲು ಒಮ್ಮೆಯೂ ಹೋಗದವಳಿಗೆ ಇದು ಹೇಗೆ ತಿಳಿಯಿತು ಎಂದು. ಸಂಸೆಯಲ್ಲಿ ಗದ್ದೆ ಕೊಯ್ಲಾದ ಮೇಲೆ ನನ್ನ ಅಣ್ಣಂದಿರು ಚಕ್ಕೋತದ ಕಾಯಿಯನ್ನೇ ಚೆಂಡು ಮಾಡಿಕೊಂಡು ಆಡುತ್ತಿದ್ದರು. ಮೊದಲು ಕಲ್ಲಿನ ಹಾಗೆ ಗಟ್ಟಿ, ಅರ್ಧ ಆಟಕ್ಕೆ ಮೆತ್ತಗೆ, ಕೊನೆಗೆ ಯಾರದೋ ಕಾಲಿಗೆ ಸಿಕ್ಕಿ ರಸ. ಆಮೇಲೆ ಎಲ್ಲರೂ ಬದುವಿನ ಮೇಲೆ ಕೂತು ಚೆಂಡನ್ನೇ ಉಪ್ಪು ಖಾರ ಹಚ್ಚಿ ತಿನ್ನುತ್ತಿದ್ದರು. ನನ್ನನ್ನು ಆಡಲು ಸೇರಿಸುತ್ತಿರಲಿಲ್ಲ. ಬದುವಿನ ಮೇಲೆ ಕೂತವಳಿಗೆ ಆಟಕ್ಕಿಂತ ಆಟಗಾರರೇ ಚೆನ್ನಾಗಿ ಕಾಣುತ್ತಾರೆ. ಯಾರ ಕಾಲಿಗೆ ಮುಳ್ಳು ನೆಟ್ಟಿದೆ, ಯಾರಿಗೆ ಅಪ್ಪನ ಕೈಯಲ್ಲಿ ಬೆಳಿಗ್ಗೆ ಪೆಟ್ಟು ಬಿದ್ದಿದೆ, ಇವತ್ತು ಯಾರು ಓಡುವುದಿಲ್ಲ ಎಂದು ನಾನು ಮೊದಲೇ ಹೇಳುತ್ತಿದ್ದೆ. ಅದಕ್ಕೆ ಅಣ್ಣಂದಿರು ನನಗೆ ಚೆಂಡಿನ ಒಂದು ತೊಳೆ ಹೆಚ್ಚಿಗೆ ಕೊಡುತ್ತಿದ್ದರು. ಬಾಯಿ ಮುಚ್ಚಿಸಲು.

ಮಲ್ಲಂದೂರಿನಲ್ಲಿ ನನಗೆ ಆ ಬದುವಿನ ಬದಲು ಕಣ ಸಿಕ್ಕಿತು. ಕಾಫಿ ಒಣಗಿಸುವ ಕಣದಲ್ಲಿ ಹೆಂಗಸರು ಸಾಲಾಗಿ ಕೂತು ಬೀಜ ಆರಿಸುವಾಗ ಕೈಗೆ ಕೆಲಸ, ಬಾಯಿಗೆ ರಜೆ. ಯಾವ ಎಸ್ಟೇಟಿನಿಂದ ಯಾವ ಸಂಸಾರ ಎಲ್ಲಿಗೆ ಹೋಯಿತು, ಯಾರು ಬೈಕ್ ತೆಗೆದುಕೊಂಡರು, ಯಾರ ಮನೆಗೆ ಅತ್ತೆ ಬಂದು ಕೂತಿದ್ದಾರೆ, ಎಲ್ಲ ಅಲ್ಲಿ ಸಿಗುತ್ತಿತ್ತು. ಮಾವ ಹೋದ ವರ್ಷದ ಗೋಲುಗಳನ್ನು ಎಣಿಸುತ್ತಿದ್ದರು. ನಾನು ಆಟವಿಲ್ಲದ ಹನ್ನೊಂದು ತಿಂಗಳನ್ನು ಎಣಿಸುತ್ತಿದ್ದೆ. ಬೈಕ್ ತೆಗೆದುಕೊಂಡವನು ನಡೆಯುವುದು ಬಿಡುತ್ತಾನೆ, ಅವನು ಬೇಡ. ಮೇಸ್ತ್ರಿ ಆದವನಂತೂ ಬೇಡವೇ ಬೇಡ. ನಿನ್ನೆಯವರೆಗೆ ಮೂಟೆ ಹೊತ್ತು ಗುಡ್ಡ ಹತ್ತಿದವನು ಮೇಸ್ತ್ರಿಯಾದ ಕೂಡಲೇ ಕೊಡೆ ಊರಿ ನಿಂತು ಬೇರೆಯವರನ್ನು ಹತ್ತಿಸುತ್ತಾನೆ. ಮಾರನೇ ಯುಗಾದಿಗೆ ಅವನ ಕಾಲೂ ಕೊಡೆಯ ಕೋಲೂ ಒಂದೇ.

ನನ್ನ ಶಾಸ್ತ್ರ ತಪ್ಪಿದ್ದೂ ಇದೆ. ಒಂದು ವರ್ಷ ತಿಮ್ಮ ಎಂಬ ಕೀಪರನಿಗೆ ಕೊಯ್ಲಿನ ಹೊತ್ತಿಗೆ ಮಗು ಹುಟ್ಟಿತು. ನಿದ್ದೆಗೆಟ್ಟವನು ಗೋಲಿನಲ್ಲಿ ತೂಕಡಿಸುತ್ತಾನೆ ಎಂದು ನಾನು ಬಿಟ್ಟೆ. ಮಾವ ಆರಿಸಿದರು. ಆ ಮಗು ಅವನನ್ನು ಹೇಗೆ ಪಳಗಿಸಿತ್ತೆಂದರೆ, ಸಣ್ಣ ಸದ್ದಾದರೂ ಎಗರಿ ಬೀಳುತ್ತಿದ್ದ. ಒಂದೂ ಗೋಲು ಬಿಡಲಿಲ್ಲ. "ತಿಮ್ಮನ ಕೂಸಿಗೆ ನನ್ನ ಕಡೆಯಿಂದ ಒಂದು ಅಂಗಿ ಹೊಲಿಸು" ಎಂದು ಮಾವ ಒಂದು ವಾರ ನನ್ನನ್ನು ಕಾಡಿದರು.

ಕುರ್ಚಿಯ ವಿಷಯ ಬಿಟ್ಟೇ ಹೋಯಿತು ನೋಡಿ. ಮೊದಲ ವರ್ಷ ಗೆದ್ದಾಗ ಮಾವ ದೊಡ್ಡ ಮನಸ್ಸಿನಿಂದ ಕೇಳಿದರು, "ಏನು ಬೇಕು ಕೇಳು ಮಗಾ." ಸೀರೆ ಕೇಳುತ್ತೇನೆ ಅಂದುಕೊಂಡಿದ್ದರು. ಸಂಜೆ ಕೆಲಸ ಮುಗಿದು ಮೊಣಕಾಲು ನೋಯುತ್ತಿತ್ತು. ನಾನು ಹೊಸ್ತಿಲ ಬಳಿ ನಿಂತೇ ಇದ್ದೆ. ಅವರು ಒರಗಿ ಕಾಲು ಚಾಚಿದ್ದರು.

"ನಿಮ್ಮ ಕುರ್ಚಿ" ಅಂದೆ.

ನನ್ನ ಗಂಡ ಏನೋ ಕೆಲಸ ನೆನಪಾದವರ ಹಾಗೆ ಎದ್ದು ತೋಟದ ಕಡೆ ಹೋದರು. ಮಾವ ನನ್ನನ್ನು ನೋಡಿದರು, ಸೊಟ್ಟ ಬೆರಳನ್ನು ನೋಡಿಕೊಂಡರು, ಎದ್ದರು. ಹೆಗಲ ಟವಲಿನಿಂದ ಕುರ್ಚಿ ಕೊಡವಿದರು. "ಕೂರು. ಮುಂದಿನ ಯುಗಾದಿವರೆಗೆ ನಿಂದು. ಆಮೇಲೆ ಗೆದ್ದೋರದು." ಅಂದವರೇ ಗೋಡೆಯ ಪಕ್ಕದ ಮರದ ಬೆಂಚಿನ ಮೇಲೆ ಹೋಗಿ ಕೂತರು.

ಕೂರುವುದೇನೋ ಕೂತೆ. ಅದು ಇಷ್ಟು ಆಳ ಎಂದು ಗೊತ್ತಿರಲಿಲ್ಲ. ಸೀರೆ ಉಟ್ಟು ಅದರಿಂದ ಎದ್ದು ಬರುವುದು ಬಾವಿಯಿಂದ ಹತ್ತಿ ಬಂದ ಹಾಗೆ. ಅವತ್ತು ಒಲೆಯ ಮೇಲಿನ ಅನ್ನ ಸೀದ ವಾಸನೆ ಬಂದರೂ ಏಳಲಾರದೆ ಒದ್ದಾಡುತ್ತಿದ್ದೆ. ಮಾವ ಬೆಂಚಿನ ಮೇಲಿಂದ ಆರಾಮಾಗಿ ನೋಡುತ್ತಾ, "ಕುರ್ಚಿ ಹತ್ತೋದು ಸುಲಭ, ಇಳಿಯೋದೇ ಕಷ್ಟ" ಅಂದರು.

ಮಾವನ ಅಕ್ಕ, ಮೂಡಿಗೆರೆಯ ದೊಡ್ಡತ್ತೆ, ಒಂದು ಸಂಜೆ ಹೇಳದೆ ಕೇಳದೆ ಬಂದರು. ಬಂದವರು ಮೆಟ್ಟಿಲ ಮೇಲೇ ನಿಂತುಬಿಟ್ಟರು.

"ಏನೋ ತಮ್ಮಯ್ಯ ಇದು! ನೀನು ಬೆಂಚಲ್ಲಿ, ಸೊಸೆ ಕಾಲು ಚಾಚ್ಕೊಂಡು ಕುರ್ಚೀಲಿ!"

ನಾನು ಏಳಲು ಹೊರಟೆ. ಎಂದಿನ ಹಾಗೆ ಆಗಲಿಲ್ಲ.

"ಸೋತಿದ್ದೀನಿ ಅಕ್ಕಯ್ಯ, ಏನು ಮಾಡ್ಲಿ" ಅಂದರು ಮಾವ.

"ಯಾವುದ್ರಲ್ಲಿ ಸೋತೆ? ಕೋರ್ಟಲ್ಲಾ?"

"ಫುಟ್‌ಬಾಲಲ್ಲಿ."

ದೊಡ್ಡತ್ತೆ ಅಂದು ಕಾಫಿ ಕುಡಿಯುವವರೆಗೂ ನನ್ನ ಕಾಲುಗಳನ್ನೇ ನೋಡುತ್ತಿದ್ದರು. ನಾನು ಮಾವನ ಜೊತೆ ಬಯಲಿಗಿಳಿದು ಚೆಂಡು ಒದ್ದಿದ್ದೇನೆ ಎಂದೇ ಅವರು ಇವತ್ತಿಗೂ ತಿಳಿದಿದ್ದಾರೆ.

ಹೀಗೆ ವರ್ಷಗಳು ಹೋದವು. ಕುರ್ಚಿ ಒಮ್ಮೆ ಅವರಿಗೆ, ಎರಡು ಸಲ ನನಗೆ. ಒಂದು ವರ್ಷ ಇಬ್ಬರ ಅಂಕವೂ ಸಮ ಬಂತು. ಆಗ ಕುರ್ಚಿ ಮಾವನ ಕೈಯಲ್ಲಿತ್ತು. ನಾನು ದಿನ ಬಿಟ್ಟು ದಿನ ಹಂಚಿಕೊಳ್ಳೋಣ ಅಂದೆ. ಅವರು ಒಪ್ಪಲಿಲ್ಲ.

"ಸಮ ಬಂದ್ರೆ ಕುರ್ಚಿ ಇದ್ದಲ್ಲೇ. ಹಿಂದಿನ ವರ್ಷ ಯಾರದೋ ಅವ್ರದೇ."

"ಈ ಕಾನೂನು ಯಾವಾಗ ಮಾಡಿದ್ರಿ ಮಾವ?"

"ಈಗ್ಲೇ. ಕಾನೂನು ಮಾಡೋರು ಯಾವಾಗ್ಲೂ ಕುರ್ಚೀಲಿ ಕೂತೋರೇ ಮಾರಾಯ್ತಿ."

ಕುದುರೆಮುಖದ ಗಣಿ ನಿಂತಿತು. ಬೂಟಿನ ತಂಡ ಬರುವುದು ನಿಂತಿತು. ಆ ತಂಡದಲ್ಲಿದ್ದ ಜೋಸೆಫ್ ಎಂಬವನ ಹೆಂಡತಿಯ ತವರು ನಮ್ಮ ಕಡೆ. ಅವನು ಇಲ್ಲಿಗೆ ಬಂದು ಬಸ್ ನಿಲ್ಲುವಲ್ಲಿ ಪಂಕ್ಚರ್ ಅಂಗಡಿ ಇಟ್ಟ, ನಮ್ಮ ಕಡೆಯ ಒಂದು ತಂಡಕ್ಕೂ ಸೇರಿಕೊಂಡ. ಅದೇ ಹೊತ್ತಿಗೆ ಮಾವನಿಗೆ ದಮ್ಮು ಹತ್ತಿಕೊಂಡಿತು. ನಾಲ್ಕು ಹೆಜ್ಜೆ ನಡೆದರೆ ಉಬ್ಬಸ. ಚಿಕ್ಕಮಗಳೂರಿನ ಡಾಕ್ಟರು, "ನೆಟ್ಟಗೆ ಕೂರಿಸಬೇಡಿ, ಒರಗಿ ಕೂರಲಿ" ಅಂದರು.

ಆ ವರ್ಷ ಕುರ್ಚಿ ನನ್ನದಾಗಿತ್ತು.

"ಕೂತ್ಕೊಳ್ಳಿ ಮಾವ" ಅಂದೆ.

"ನಂದಲ್ಲ."

"ನಾನೇ ಕೊಟ್ಟೆ ಅಂತ ತಿಳ್ಕೊಳ್ಳಿ."

"ಕೊಟ್ರೆ ಅದು ದಾನ. ಗೆದ್ರೆ ಕುರ್ಚಿ." ಹೀಗೆಂದು ಬೆಂಚಿನ ಮೇಲೆ, ಸ್ಕೂಲಿನಲ್ಲಿ ಹೆಡ್‌ಮಾಸ್ಟರ ಎದುರು ಕೂತ ಹಾಗೆ, ನೆಟ್ಟಗೆ ಕೂತು ಏದುಸಿರು ಬಿಡುತ್ತಿದ್ದರು. ಕೂರಿ ಎಂದು ಗಂಡನ ಕೈಲಿ ಹೇಳಿಸಿದೆ. ಬೆಂಚನ್ನೇ ಒಂದು ದಿನ ಕೊಟ್ಟಿಗೆಯಲ್ಲಿ ಅಡಗಿಸಿದೆ. ಅವರು ಮೆಟ್ಟಿಲ ಮೇಲೆ ಕೂತರು. ನಾನೂ ಕೂರುವುದು ಬಿಟ್ಟೆ. ಇಬ್ಬರು ಮನುಷ್ಯರು ಬೆಂಚಿನಲ್ಲಿ, ಪಕ್ಕದ ಖಾಲಿ ಕುರ್ಚಿಯಲ್ಲಿ ಬೆಕ್ಕು.

ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಅವರು ಗೆದ್ದರೆ ತಾನೇ ಕೂರುವುದು? ನಾನು ಸೋಲಬೇಕು.

ಸೋಲುವುದು ಸುಲಭ ಅಂದುಕೊಂಡಿದ್ದೆ. ಅಷ್ಟು ಕೆಟ್ಟ ಐವರನ್ನು ಹುಡುಕಲು ನಾನು ಗೆಲ್ಲುವ ತಂಡಕ್ಕಿಂತ ಮೂರು ಪಟ್ಟು ಕಷ್ಟಪಟ್ಟೆ. ಕಣದಲ್ಲಿ ಹೆಂಗಸರನ್ನು ಕೆದಕಿ ಕೆದಕಿ ಕೇಳಿದೆ. ನನ್ನ ಶಾಸ್ತ್ರವನ್ನೇ ತಿರುಗಿಸಿ ಹಿಡಿದೆ. ಮೊದಲನೆಯವನು ತಿಮ್ಮ, ನೆರಳುಮರದ ಕೊಂಬೆ ಕಡಿಯುವ ಮರಗಸಿಗೆ ಹತ್ತಿ ಬಿದ್ದು ಮಣಿಕಟ್ಟು ಮುರಿದುಕೊಂಡು ಪಟ್ಟಿ ಕಟ್ಟಿಸಿಕೊಂಡಿದ್ದ ಕೀಪರ್. ಎರಡನೆಯವನು ಆಗಷ್ಟೇ ಮೇಸ್ತ್ರಿಯಾದವನು. ಮೂರನೆಯವನು ಬೈಕಿನವನು. ನಾಲ್ಕನೆಯವನು ಚಂದ್ರ, ಅವನು ಇನ್ನೂ ಚೆಂಡಿಗೆ ಕಾಯುತ್ತಲೇ ಇದ್ದ. ಐದನೆಯವನು ಜೋಸೆಫ್. ಕೆಲಸ ಹೋಗಿದೆ, ಕೂತಲ್ಲೇ ಕೂತು ಟ್ಯೂಬಿಗೆ ಗಾಳಿ ತುಂಬುತ್ತಾನೆ, ಆ ಗಾಳಿಯಲ್ಲಿ ಅರ್ಧ ಅವನ ಹೊಟ್ಟೆಗೇ ಹೋದ ಹಾಗಿದೆ. ಇಂಥ ತಂಡ ಎದುರಾಳಿಯಿಲ್ಲದೆ ಆಡಿದರೂ ಸೋಲುತ್ತದೆ ಎಂದು ಖುಷಿಯಿಂದ ಚೀಟಿ ಕಟ್ಟಿ ಡಬ್ಬಕ್ಕೆ ಹಾಕಿದೆ. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು.

"ಏನು, ಬಹಳ ಗೆಲುವಾಗಿದ್ದೀಯಲ್ಲ?"

"ಈ ಸಲ ಒಳ್ಳೇ ತಂಡ ಸಿಕ್ಕಿದೆ ಮಾವ."

"ಹೌದಾ" ಅಂದರು. ಅಷ್ಟೇ.

ಎರಡು ಭಾನುವಾರ ಜೀಪಿನಲ್ಲಿ ಹೋಗಿ ಆಟ ನೋಡಿ ಬಂದರು. ಏನಾಯಿತು ಅಂದರೆ ಹೇಳಲಿಲ್ಲ, ಮೀಸೆಯಲ್ಲೇ ನಕ್ಕರು. ಮೂರನೆಯ ಭಾನುವಾರ ಹೋಗಲಾಗಲಿಲ್ಲ. ಅದರ ಮೇಲಿನ ಬುಧವಾರ ಬೆಳಿಗ್ಗೆ ನಾನು ಕಾಫಿ ತರುವಷ್ಟರಲ್ಲಿ, ಬೆಂಚಿನ ಮೇಲೆ ಗೋಡೆಗೆ ತಲೆ ಆನಿಸಿ ಕೂತಿದ್ದ ಹಾಗೇ ಹೋಗಿಬಿಟ್ಟಿದ್ದರು. ಪಕ್ಕದಲ್ಲಿ ಕುರ್ಚಿ ಇತ್ತು. ಎರಡು ಗೇಣು ದೂರ. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಹನ್ನೊಂದನೆಯ ದಿನದ ಊಟಕ್ಕೆ ಆಟಗಾರರೆಲ್ಲ ಬಂದಿದ್ದರು. ಸಾಲಾಗಿ ಕೂತಿದ್ದರು. ನಾನು ಪಾಯಸ ಬಡಿಸುತ್ತಾ ಜೋಸೆಫನ ಎಲೆಯ ಹತ್ತಿರ ಬಂದೆ. ಕೇಳಬಾರದು ಎಂದು ಸಾಲಿನ ಆ ತುದಿಯಿಂದ ಹೇಳಿಕೊಂಡು ಬಂದಿದ್ದೆ.

"ಜೋಸೆಫಣ್ಣ, ಕೊನೇ ಆಟ ಏನಾಯ್ತು?"

"ನಾವೇ ಗೆದ್ವಿ ಅಮ್ಮ" ಎಂದ ಅವನು ತಲೆ ತಗ್ಗಿಸಿ. "ನಂದು ಎರಡು ಗೋಲು."

ನಾನು ಸೌಟಿನ ಮೇಲೆ ಸೌಟು ಸುರಿಯುತ್ತಲೇ ಇದ್ದೆ. "ಎರಡಾ? ನೀನಾ?"

"ಹೊಟ್ಟೆ ನೋಡ್ಬೇಡಿ ಅಮ್ಮ. ಮನೇಲಿ ಸುಮ್ನೆ ಕೂತ್ರೆ ಟೌನ್‌ಶಿಪ್ ನೆನಪಾಗುತ್ತೆ. ಅದಕ್ಕೇ ದಿನಾ ಅಂಗಡಿ ತೆಗೆಯೋಕೆ ಮುಂಚೆ ಓಡ್ತಿದ್ದೆ. ದೊಡ್ಡ ಯಜಮಾನ್ರಿಗೆ ಗೊತ್ತಿತ್ತು. ನಿಮ್ಮನೆ ಮುಂದೆ ಹಾಯೋವಾಗ ಅವ್ರು ಒಬ್ರೇ ಜಗಲೀಲಿ ಕೂತು ನೋಡ್ತಿದ್ರು."

ಹಿಂದಿನಿಂದ ದೊಡ್ಡತ್ತೆಯ ದನಿ ಬಂತು. "ಸಾವಿನ ಮನೇಲಿ ಗೋಲಿನ ಮಾತಾ? ಪಾಯಸ ಎಲೆ ದಾಟಿ ಹೋಗ್ತಿದೆ, ನೋಡು!"

ನಿಜ, ಪಾಯಸ ಪಕ್ಕದವನ ಎಲೆಗೆ ಹರಿದಿತ್ತು. ಎರಡು ಗೋಲು ಅಂದರೆ ಹತ್ತು ಅಂಕ. ಸೋಲಲು ಹೊರಟು ಗೆದ್ದುಬಿಟ್ಟೆನೇ? ಹೋದವರ ಕುರ್ಚಿಯನ್ನು ಹೋದ ಮೇಲೂ ಕಿತ್ತುಕೊಂಡೆನೇ?

ಊಟ ಮುಗಿದು ಜನ ಕರಗುವ ಹೊತ್ತಿಗೆ ದೊಡ್ಡತ್ತೆ ಜಗಲಿಯಲ್ಲಿ ನಿಂತು ನನ್ನ ಗಂಡನಿಗೆ ಹೇಳುತ್ತಿದ್ದರು. "ಈ ಕುರ್ಚಿ ಮೂಡಿಗೆರೆಗೆ ಕಳ್ಸೋ. ತಮ್ಮಯ್ಯನ ನೆನಪಿಗೆ ಇಟ್ಕೋತೀನಿ. ಇಲ್ಲಿ ಯಾರಿದ್ದಾರೆ ಇದರಲ್ಲಿ ಕೂರೋಕೆ?"

ನನ್ನ ಗಂಡ ನನ್ನ ಕಡೆ ನೋಡಿದರು. ನಾನು ದೇವರ ಗೂಡಿಗೆ ಹೋಗಿ ಡಬ್ಬ ತೆಗೆದೆ.

ನನ್ನ ಚೀಟಿ ಕೈಗೆ ಬಂತು. ದಾರ ನಾನು ಕಟ್ಟಿದ ಹಾಗಿರಲಿಲ್ಲ. ನಾನು ಹಾಕುವುದು ಹೂ ಕಟ್ಟುವ ಗಂಟು. ಅಲ್ಲಿದ್ದದ್ದು ಕಾಫಿ ಮೂಟೆಯ ಬಾಯಿ ಹೊಲಿದು ಹಾಕುವ ಗಂಟು. ಈ ಮನೆಯಲ್ಲಿ ಆ ಗಂಟು ಹಾಕುತ್ತಿದ್ದವರು ಒಬ್ಬರೇ.

ಅವರ ಚೀಟಿ ಬಿಚ್ಚಿದೆ. ಅದು ಔಷಧಿ ಅಂಗಡಿಯ ಚೀಟಿಯ ಬೆನ್ನು. ಅಂಗಡಿಯವನು ಹಾಕಿದ್ದ ತಾರೀಖು ಯುಗಾದಿಯ ಮಾರನೇ ದಿನದ್ದು. ಮಾವ ತಮ್ಮ ಮೊದಲಿನ ಚೀಟಿ ತೆಗೆದು ಇದನ್ನು ಇಟ್ಟಿದ್ದರು. ಒಳಗೆ ಐದು ಹೆಸರು. ಕೈ ಮುರಿದ ತಿಮ್ಮ. ಹೊಸ ಮೇಸ್ತ್ರಿ. ಬೈಕಿನವನು. ಚಂದ್ರ. ಜೋಸೆಫ್. ನನ್ನ ಐವರೇ, ನಾನು ಬರೆದ ಸಾಲಿನಲ್ಲೇ. ಬುದ್ಧಿ ನೆಟ್ಟಗಿರುವ ಯಾರೂ ತಾವಾಗಿ ಆರಿಸದ ಐವರು.

ನಾನು ಎಷ್ಟು ಸೋತರೂ ಅವರೂ ಅಷ್ಟೇ ಸೋಲುತ್ತಿದ್ದರು. ನಾನು ಎಷ್ಟು ಗೆದ್ದರೂ ಅವರೂ ಅಷ್ಟೇ. ಸಮ ಬಿಟ್ಟು ಬೇರೇನೂ ಬರಲು ದಾರಿಯೇ ಇರಲಿಲ್ಲ. ದೇವರ ಎದುರಿನ ಡಬ್ಬವನ್ನು ಕಳ್ಳನ ಹಾಗೆ ಬಿಚ್ಚಿ, ಏದುಸಿರು ಬಿಡುತ್ತಾ ನನ್ನ ಚೀಟಿ ನೋಡಿ ಬರೆದುಕೊಂಡ ಆ ಮುದುಕನನ್ನು ನೆನೆದು ನನಗೆ ನಗು ಬಂತು. ಕಣ್ಣಲ್ಲಿ ನೀರೂ ಬಂತು. ದೊಡ್ಡತ್ತೆ ಓಡಿ ಬಂದರು.

"ಅಳೋದಾದ್ರೆ ಅಳು, ನಗೋದಾದ್ರೆ ನಗು. ಎರಡೂ ಒಟ್ಟಿಗೆ ಬೇಡ ಮಾರಾಯ್ತಿ, ನಂಗೆ ಹೆದರಿಕೆಯಾಗುತ್ತೆ."

"ಕುರ್ಚಿ ಇದ್ದಲ್ಲೇ ಇರುತ್ತೆ ದೊಡ್ಡತ್ತೆ" ಅಂದೆ.

"ಯಾರು ಹೇಳಿದ್ದು?"

"ನಿಮ್ಮ ತಮ್ಮಯ್ಯನೇ. ಕಾನೂನು ಅವ್ರದೇ."

ಕುರ್ಚಿ ಉಳಿಯಿತು. ಆದರೆ ನಾನು ಕೂರಲಿಲ್ಲ. ಎರಡು ವರ್ಷ ಅದರ ಮೇಲೆ ಒಣಗಿದ ಬಟ್ಟೆ ಹಾಕಿದೆ, ಹಪ್ಪಳದ ಮೊರ ಇಟ್ಟೆ, ಬೆಕ್ಕಿಗೆ ಮರಿ ಹಾಕಲು ಬಿಟ್ಟೆ. ಬೆತ್ತ ಹರಿದದ್ದು ಮನುಷ್ಯರಿಂದಲ್ಲ.

ಹಾಲು ಉಕ್ಕಿತು, ನೋಡಿ. ಹೇಳಿದ್ದೆನಲ್ಲ.

ಉಳಿದದ್ದರಲ್ಲಿ ಕಾಫಿ ಮಾಡಿ ಹೊರಗೆ ತಂದುಕೊಟ್ಟೆ. ಬೆತ್ತದವನು ಹಳೆಯದೆಲ್ಲ ಕತ್ತರಿಸಿ ತೆಗೆದು ಬರೀ ಚೌಕಟ್ಟಿನ ಮುಂದೆ ಕಾಯುತ್ತಿದ್ದ.

"ಹೇಳಿ ಅಮ್ಮ, ಯಾರು ಕೂರೋದು?"

"ನಾನೇ" ಅಂದೆ.

"ತೂಕ?"

"ಐವತ್ತು ಕಿಲೋ."

ಅವನು ಲೋಟ ಕೆಳಗಿಟ್ಟು ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದ. ಎಪ್ಪತ್ತರ ಲೆಕ್ಕಕ್ಕೆ ಬಿಗಿಯತೊಡಗಿದ.